ಜಾವಳದ ಸಾರಿಗೆ ಬಿದ್ದ ಕಾಂಡ್ಲಾ

"ಕೈ ತಗೀತಿಯೋ, ಬೆರಳೂ ಕೂಡಿಸಿ ಹೆಚ್ಚಲ್ಯೋ?"

ಈಳಿಗೆಯ ಅಲಗು ನನ್ನ ಹೆಬ್ಬೆರಳಿನಿಂದ ಒಂದು ಕೂದಲಿನಷ್ಟು ದೂರ!

ಕೇಳಿ... ನಾನು ಕಲ್ಲಣ್ಣ. ಕಳೆದದ್ದನ್ನು ಹುಡುಕಿಕೊಡುವುದು ನನ್ನ ಧಂದೆ. ನಾನು ಬುಲೆಟ್ ಹತ್ತಿದರೆ ಸೊಲ್ಲಾಪುರದ ಸಿಗ್ನಲ್‌ಗಳು ಹೆದರಿ ಹಸಿರಾಗುತ್ತವೆ. ಪಿಸ್ತೂಲಿಗೆ ಎದೆ ಕೊಟ್ಟವನು. ಆದರೆ ಅಕ್ಕಲಕೋಟೆಯ ಕಸ್ತೂರಬಾಯಿಯ ಈಳಿಗೆ...

ಆಕೆಯ ಮೊಮ್ಮಗನ ಜಾವಳ. ಮೊದಲ ಕೂದಲು ತೆಗೆಸಿ ಊರಿಗೆಲ್ಲ ಊಟ. ಆಕೆಯ ಮುಂದೆ ನುಗ್ಗೆಕಾಯಿಯ ಗುಡ್ಡ. ಅದರೊಳಗೆ ನನ್ನ ಕೇಸು!

"ಅವ್ವಾರ, ಈ ದಪ್ಪನೂವು ನುಗ್ಗಿಕಾಯಿ ಅಲ್ರಿ. ಸಮುದ್ರದ ಗಿಡದ ಸಸಿ."

"ಮತ್ತ ನನ್ನ ಅಡಗಿಮನಿಗೆ ಯಾಕ ಬಂದಾವ?"

ನ್ಯಾಯವಾದ ಪ್ರಶ್ನೆ.

ಬೆಳಿಗ್ಗೆ ವಿಜಾಪುರ ರಸ್ತೆಯ ಶೈಲಶ್ರೀ ಫೋನ್ ಮಾಡಿದ್ದಳು. ಗೇಟಿನ ಮುಂದೆ ಯಾರೋ ಸುಳಿಯುತ್ತಿದ್ದಾರೆ, ಬೇಗ ಬಾ ಅಂತ. ಬಟ್ಟೆ ವ್ಯಾಪಾರಿಯ ಮಗಳು, ಗಿಡಗಳ ರಿಸರ್ಚ್. ಕೊಂಕಣದ ಒಂದು ಅಳಿವೆಯಲ್ಲಿ ಹತ್ತಾರು ಜಾತಿಯ ಕಾಂಡ್ಲಾ ಗಿಡಗಳಿವೆಯಂತೆ. ಅದೇ, ಮ್ಯಾಂಗ್ರೋವ್. ಒಂದು ಜಾತಿ ಬೇರನ್ನು ಮೊಳೆಯಂತೆ ಕೆಸರಿನಿಂದ ಮೇಲೆತ್ತಿ ಉಸಿರಾಡುತ್ತದೆ. ಇನ್ನೊಂದು ಎಲೆಯಿಂದ ಉಪ್ಪು ಬೆವರುತ್ತದೆ. ಮತ್ತೊಂದು ಬೀಜ ಉದುರಿಸುವುದೇ ಇಲ್ಲ; ಕೊಂಬೆಯಲ್ಲೇ ಮೊಳೆತ ಸಸಿಯನ್ನು ಕೋಲಿನ ಹಾಗೆ ಕೆಳಗೆ ಬಿಡುತ್ತದೆ. ಆ ಜಾತಿಯ ಮರ ಅಲ್ಲಿ ಒಂದೇ ಉಳಿದಿತ್ತು. ಅಂಥ ಮರ ಇದ್ದರೆ ಪರ್ಮಿಷನ್ ಸಿಗದೆಂದು ರಿಸಾರ್ಟ್ ಕಟ್ಟುವವನೊಬ್ಬ ಅದನ್ನು ಕಡಿಸಿದ. ಉಳಿದದ್ದು ಶೈಲಶ್ರೀ ಆರಿಸಿಟ್ಟ ಒಂದು ಚೀಲ ಸಸಿ. ಅವೂ ಹೋದರೆ ಅಳಿವೆಯಲ್ಲಿ ಆ ಜಾತಿಯೇ ಫಿನಿಶ್!

ನಳಕ್ಕೆ ನೀರು ಬಂದ ದಿನ ಹಬ್ಬ ಮಾಡುವ ಸೊಲ್ಲಾಪುರದಲ್ಲಿ ಸಮುದ್ರದ ಗಿಡವನ್ನು ಯಾರು ಹುಡುಕುತ್ತಾರೆ ಎಂದು ಮನೆಯಲ್ಲಿಟ್ಟಿದ್ದಳು.

ನಿಲೇಶ ಹುಡುಕಿದ. ರಿಸಾರ್ಟಿನವನ ಬಾಡಿಗೆ ಗೂಂಡಾ. ನಾನು ಗೇಟು ಮುಟ್ಟುವಷ್ಟರಲ್ಲಿ ಚೀಲ ಕಿತ್ತುಕೊಂಡು ಓಡಿದ. ನಾನು ಬೆನ್ನು ಹತ್ತಿದೆ. ಗಾಳಿ ನನ್ನ ಹಿಂದೆ ಬಿತ್ತು! ಇನ್ನೇನು ಕಾಲರ್ ಸಿಗಬೇಕು... ಹೊರಟಿದ್ದ ನುಗ್ಗೆಕಾಯಿ ಟೆಂಪೋದೊಳಗೆ ಚೀಲ ಎಸೆದು ಗಲ್ಲಿಯಲ್ಲಿ ಮಾಯವಾದ. ಶೈಲಶ್ರೀಯನ್ನು ಹಿಂದೆ ಕೂರಿಸಿಕೊಂಡು ಟೆಂಪೋದ ಜಾಡು ಹಿಡಿದೆ. ಅದು ಮಾಲು ಇಳಿಸಿದ್ದು ಈ ಮನೆಯಲ್ಲಿ; ನುಗ್ಗೆಕಾಯಿ, ಸಸಿ ಎಲ್ಲ ಕೂಡಿ ಒಂದೇ ಗುಡ್ಡ.

"ಚರ್ಮ ಬಿರಸಿತ್ತು. ಹೈಬ್ರಿಡ್ ಇರಬೇಕಂದೆ," ಎಂದಳು ಕಸ್ತೂರಬಾಯಿ. "ಒಂದು ಹೆಚ್ಚಿ ಸಾರಿಗೆ ಹಾಕೀನಿ."

ಉಳಿದವನ್ನು ಒದ್ದೆ ಗೋಣಿಗೆ ತುಂಬುತ್ತಿದ್ದ ಶೈಲಶ್ರೀಯ ಕಣ್ಣಲ್ಲಿ ನೀರು.

ಅಷ್ಟರಲ್ಲಿ ಅದೇ ಟೆಂಪೋದ ಜಾಡು ಹಿಡಿದು ಅಂಗಳಕ್ಕೆ ಬಂತೊಂದು ಜೀಪು. ನಿಲೇಶ! ಸೊಂಟದಲ್ಲಿ ಚಾಕು. ಹಿಂದೆ ಇಬ್ಬರಿದ್ದರು ಅನ್ನುತ್ತಾಳೆ ಶೈಲಶ್ರೀ. ನನಗೆ ಹನ್ನೆರಡು ಮಂದಿ ಕಂಡರು.

ಹೊಡೆದು ಹಾಕಬಹುದಿತ್ತು. ಪಾಪ, ಅವರಿಗೂ ಮನೆಮಠ ಇದೆ.

ಪಂಕ್ತಿಯ ತುದಿಗೆ ಬಸಯ್ಯ ಅಯ್ನಾರು ಆಗಷ್ಟೇ ಕೂತಿದ್ದರು. ಮನೆತನದ ಗುರುಗಳು. ಅವರ ಊಟ ಮುಗಿಯದೆ ಪಂಕ್ತಿಯಿಂದ ಯಾರೂ ಏಳುವಂತಿಲ್ಲ. ಬಾಯಲ್ಲಿ ಹಲ್ಲು ನಾಲ್ಕೇ. ರೊಟ್ಟಿಯನ್ನು ಕರಗಿಸಿ ತಿನ್ನುತ್ತಾರೆ.

ನಿಲೇಶನ ಹೆಗಲಿಗೆ ಕೈ ಹಾಕಿದೆ. ಊರಿಗೆಲ್ಲ ಕೇಳುವ ಹಾಗೆ ಹೇಳಿದೆ.

"ಅಯ್ನಾರ, ನಿಮ್ಮ ಬಾಜೂಕ ಕುಂತು ಉಣ್ಣಬೇಕಂತ ಸೊಲ್ಲಾಪುರದಿಂದ ಓಡಿ ಬಂದಾನ್ರಿ."

"ಬಾ ಮಗನ, ಕೂಡು," ಎಂದರು ಬಸಯ್ಯ. ಇಡೀ ಪಂಕ್ತಿ ನಿಲೇಶನತ್ತ ತಿರುಗಿತು.

ಕೂತ. ಅವನ ಹುಡುಗರೂ ಕೂತರು. ಹಿತ್ತಿಲಿನಲ್ಲಿ ನನ್ನ ಬುಲೆಟ್ ಗುಡುಗಿತು. ಶೈಲಶ್ರೀ, ಗೋಣಿಚೀಲ... ಇಬ್ಬರೂ ಪರಾರಿ! ನಿಲೇಶ ಅರ್ಧ ಎದ್ದ.

"ಅಯ್ನಾರು ಉಣ್ಣಾಕತ್ತಾರ. ಎಲ್ಲಿಗಿ ಏಳ್ತಿ?" ಸೌಟು ಹಿಡಿದು ಕಸ್ತೂರಬಾಯಿ ನಿಂತಿದ್ದಳು.

ಮತ್ತೆ ಕೂತ. ಪತ್ರಾವಳಿಗೆ ಸಾರು ಬಿತ್ತು. ಜೊತೆಗೆ ಆ ಹೈಬ್ರಿಡ್ಡೂ ಬಿತ್ತು. ಅಗಿದ. ಮುಖ ಹಿಂಡಿದ ಒರೆಸುಬಟ್ಟೆಯಾಯಿತು. ಉಗುಳಲು ನೋಡಿದ... ಅಯ್ನಾರು ನಗುತ್ತ ಅವನನ್ನೇ ನೋಡುತ್ತಿದ್ದರು. ನುಂಗಿದ.

ಮಳೆಗಾಲದಲ್ಲಿ ಅಳಿವೆಯ ಕೆಸರಿನಲ್ಲಿ ಸಸಿಗಳು ಎಲೆ ಬಿಟ್ಟವು. ಅರ್ಧ ಕೊಂಕಣಕ್ಕೆ ನೆರಳಾಗುವಷ್ಟು! ಮೊಣಕಾಲೆತ್ತರ ಅನ್ನುತ್ತಾಳೆ ಶೈಲಶ್ರೀ. ಅವಳಿಗೆ ಅಳೆಯಲು ಬರುವುದಿಲ್ಲ.

ನಿಲೇಶನ ಹೊಟ್ಟೆಯೊಳಗಿನದು ಮಾತ್ರ ಇನ್ನೂ ಚಿಗುರಿಲ್ಲ.