ಹದಿಮೂರು ಬಂದೂಕು, ಒಂದು ಸದ್ದು

ಸದ್ದು ಎರಡಾಯಿತು.

ಹದಿಮೂರು ಕುದುರೆಗಳು ಒಂದೇ ಗೆರೆಯಲ್ಲಿ ಬಯಲು ಸೀಳಿಕೊಂಡು ಬಂದಿದ್ದವು. ಓಟದ ಕೊನೆಗೆ ಹದಿಮೂರು ಬಂದೂಕುಗಳೂ ಒಟ್ಟಿಗೆ ಸಿಡಿಯಬೇಕಿತ್ತು. ಹನ್ನೆರಡು ಸಿಡಿದವು. ಅರೆ ಉಸಿರು ಬಿಟ್ಟು ಇನ್ನೊಂದು.

ಇದು ಅಜ್ಜಂದಿರ ಕಾಲದ ದಾಳಿಯ ಆಟ. ಎದುರಿಗೆ ಶತ್ರುವಿಲ್ಲ, ಬಂದೂಕಿನಲ್ಲಿ ಮದ್ದಿದೆ, ಗುಂಡಿಲ್ಲ. ಆದರೂ ಸದ್ದು ಒಡೆದರೆ ದಂಡಿನ ಮಾನ ಹೋದಂತೆಯೇ. ಬೇಲಿಯಾಚೆಯ ಜನ ಶಿಳ್ಳೆ ಹಾಕಿ ನಕ್ಕರು.

ಹೊಗೆ ಕರಗುತ್ತಿದ್ದಂತೆ ಎಲ್ಲರ ಕಣ್ಣುಗಳೂ ಜಿಲಾಲಿಯ ಕಡೆ ತಿರುಗಿದವು. ಸಾಲಿನಲ್ಲಿದ್ದ ಒಬ್ಬಳೇ ಹುಡುಗಿ ಬುಶ್ರಾಳ ಅಣ್ಣ ಹೆಗಲು ಮುರಿದುಕೊಂಡಿದ್ದರಿಂದ ಖೆಮಿಸ್ಸೆತ್ ಊರಿನಿಂದ ಕರೆಸಿಕೊಂಡ ಹೊಸಬ ಅವನು. ಈ ಬೇಸಿಗೆಯಿಡೀ ಸಾಲಿನಲ್ಲಿ ಅವಳ ಎಡಕ್ಕೇ ಅವನ ಜಾಗ. ಓಟ ಶುರುವಾಗುವ ಮುಂಚೆ ಇಬ್ಬರದೂ ಒಂದು ಮಾಮೂಲು ಮಾತು.

"ನಿನ್ನ ಕುದುರೆಗೆ ಮರ್ಯಾದೆ ಕಲಿಸು. ನನ್ನದರ ಕಿವಿ ಕಚ್ತಿದೆ."

"ಅದು ಹೊಸಬರನ್ನ ಕಚ್ಚುತ್ತೆ."

"ನಾನಿನ್ನೂ ಹೊಸಬನಾ?"

ಇವತ್ತೂ ಆ ಮಾತಾಗಿತ್ತು. ಈಗ ದಂಡಿನ ನಾಯಕರು, ಬುಶ್ರಾಳ ಸೋದರಮಾವ ಹಾಜಿ ಮಕ್ಕಿ, ಅವನ ಮುಂದೆ ಕುದುರೆ ನಿಲ್ಲಿಸಿ ಕೇಳಿದರು: "ನೀನೇನಾ?"

"ಹೌದು ಹಾಜಿ. ಬೆರಳು ಜಾರಿತು."

ಬುಶ್ರಾ ತನ್ನ ಬಂದೂಕನ್ನು ನೋಡಿದಳು. ತಡವಾಗಿ ಸಿಡಿದದ್ದು ಅದು. ಬಾಯಿ ತೆರೆಯುವಷ್ಟರಲ್ಲಿ ಮಾವ ಅಂದಿದ್ದರು: "ಸಂಜೆ ಬಸ್ಸಿಗೆ ಊರಿಗೆ ಹೊರಡು. ನಾಳೆ ಎರಡನೇ ಓಟಕ್ಕೆ ಹನ್ನೆರಡು ಜನ ಸಾಕು."

ಮೂರು ವರ್ಷ ಗೋಗರೆದು ಅವಳು ಆ ಸಾಲಿಗೆ ಸೇರಿದ್ದಳು. ಹೆಣ್ಣಿನ ಬೆರಳು ಹಿಟ್ಟಿಗೆ, ಮದ್ದಿಗಲ್ಲ ಎಂದ ಮುದುಕರು ಈಗಲೂ ಟೆಂಟಿನ ಬಾಗಿಲಲ್ಲಿ ಕೂತು ಪುದೀನಾ ಚಹಾ ಹೀರುತ್ತಿದ್ದರು. ನಿಜ ಹೇಳಿದರೆ ಅವರ ಮಾತೇ ಗೆಲ್ಲುತ್ತದೆ. ಹೇಳದಿದ್ದರೆ ಜಿಲಾಲಿ ಹೋಗುತ್ತಾನೆ.

ಟೆಂಟುಗಳ ಹಿಂದೆ, ಕಡಲಗಾಳಿ ನೇರವಾಗಿ ಬೀಸುವಲ್ಲಿ, ಅವನು ಕುದುರೆಯ ಮೈ ಉಜ್ಜುತ್ತಿದ್ದ.

"ಸುಳ್ಳು ಯಾಕೆ ಹೇಳಿದೆ?"

"ಯಾವ ಸುಳ್ಳು?"

"ತಡ ಆಗಿದ್ದು ನಂದು. ನಿನಗೆ ಗೊತ್ತು."

"ಗೊತ್ತಿಲ್ಲದೆ ಏನು. ಬಲಗಿವಿ ಇನ್ನೂ ಗುಂಯ್ ಅಂತಿದೆ."

ಅವಳಿಗೆ ನಗು ಬಂತು. ನುಂಗಿಕೊಂಡಳು. "ನನ್ನ ಮೇಲೆ ಕನಿಕರಾನಾ?"

"ನನಗೆ ಬೇರೆ ದಂಡು ಸಿಗುತ್ತೆ ಬುಶ್ರಾ. ನಿನಗೆ ಇರೋದು ಇದೊಂದೇ."

"ಅದನ್ನೇ ಕನಿಕರ ಅನ್ನೋದು."

"ಅನ್ನೋರು ಅನ್ನಲಿ. ನಂದು ಅದಲ್ಲ." ಅವನು ಕುದುರೆಯ ಬೆನ್ನಿನ ಮೇಲಿಂದ ಅವಳನ್ನು ನೋಡಿದ. "ಒಂದು ಹೇಳು. ನೀನು ಯಾವತ್ತೂ ತಡ ಮಾಡಿದವಳಲ್ಲ. ಏನಾಯ್ತು?"

ಅವಳು ಕುದುರೆಯ ಜೂಲಿನಲ್ಲಿ ಸಿಕ್ಕಿದ್ದ ಹುಲ್ಲುಕಡ್ಡಿಯನ್ನು ಕಿತ್ತಳು. ಇನ್ನೊಂದನ್ನೂ ಕಿತ್ತಳು. ಕೀಳಲು ಮತ್ತೇನೂ ಉಳಿಯಲಿಲ್ಲ.

"ಗಾಳಿಗೆ ನಿನ್ನ ರುಮಾಲಿನ ತುದಿ ನಿನ್ನ ಬಾಯಿ ಹತ್ರ ಬಂತು. ನೀನದನ್ನ ಹಲ್ಲಲ್ಲಿ ಕಚ್ಕೊಂಡೆ."

"ಕಚ್ಕೊಂಡಿರಬಹುದು. ಅದಕ್ಕೆ?"

"ಅದನ್ನ ನೋಡಿದೆ."

ಉಜ್ಜುತ್ತಿದ್ದ ಕೈ ನಿಂತಿತು. "ಅದರಲ್ಲಿ ನೋಡೋದೇನಿತ್ತು?"

"ಏನೂ ಇರಲಿಲ್ಲ. ಅದೇ ಕಷ್ಟ."

ಅವಳು ತಿರುಗಿ ನಡೆದಳು. ಟೆಂಟಿನ ಬಾಗಿಲಲ್ಲಿ, ಮುದುಕರ ಎದುರಿಗೇ ನಿಂತು ಹೇಳಿದಳು: "ಮಾವ, ತಡ ಆಗಿದ್ದು ನನ್ನ ಬಂದೂಕು. ಅವನದಲ್ಲ."

"ನಾನು ಮೊದಲೇ ಬಡ್ಕೊಂಡೆ," ಎಂದ ಒಬ್ಬ ಮುದುಕ, ಯಾರನ್ನೂ ನೋಡದೆ.

"ಯಾಕೆ ತಡ ಆಯ್ತು?" ಮಾವ ಕೇಳಿದರು.

"ಪಕ್ಕಕ್ಕೆ ನೋಡಿದೆ."

"ಪಕ್ಕದಲ್ಲಿ ಏನಿತ್ತು?"

ಅವಳ ಹಿಂದೆ ಓಡಿ ಬಂದ ಜಿಲಾಲಿ, ಕೈಯಲ್ಲಿ ಕುದುರೆಯ ಬ್ರಷ್ ಹಿಡಿದುಕೊಂಡೇ, ಕೆಂಪೇರಿದ ಮುಖದಲ್ಲಿ ನಿಂತಿದ್ದ. ಮಾವ ಅವಳನ್ನು ನೋಡಿದರು, ಅವನನ್ನು ನೋಡಿದರು, ಆ ಬ್ರಷ್ಷನ್ನೂ ನೋಡಿದರು. ಆಮೇಲೆ ಮುದುಕರ ಕಡೆ ತಿರುಗಿದರು.

"ನನ್ನ ಮೊದಲನೇ ವರ್ಷ ನಾನು ಬೇಲಿ ಕಡೆ ನೋಡಿ ಸದ್ದು ಒಡೆದೆ. ಬೇಲಿ ಹತ್ರ ಇವಳತ್ತೆ ನಿಂತಿದ್ಲು. ನಿಮಗೆಲ್ಲ ನೆನಪಿದೆ. ನನ್ನನ್ನ ಯಾರೂ ಊರಿಗೆ ಕಳಿಸಲಿಲ್ಲ."

ಮುದುಕರಿಗೆ ಚಹಾ ಇದ್ದಕ್ಕಿದ್ದಂತೆ ಬಹಳ ಬಿಸಿ ಅನಿಸಿತು, ಊದತೊಡಗಿದರು.

"ನಾಳೆ ನೀನು ಈ ತುದಿ, ಅವನು ಆ ತುದಿ," ಎಂದರು ಮಾವ. "ಮತ್ತೆ ಸದ್ದು ಒಡೆದರೆ ಇಬ್ಬರೂ ಮನೆಗೆ."

ಮರುದಿನ ಇಬ್ಬರ ಮಧ್ಯೆ ಹನ್ನೊಂದು ಕುದುರೆಗಳು. ಅವನ ಬಿಳಿ ನಿಲುವಂಗಿಯ ಅಂಚೂ ಕಾಣಲಿಲ್ಲ. ಎಡಗಡೆ ಯಾರದೋ ಮೊಣಕಾಲು, ಯಾರದೋ ಉಸಿರು. ಕುದುರೆಯ ಎರಡು ಕಿವಿಗಳ ನಡುವಿನ ಬಯಲಿನಲ್ಲೇ ಕಣ್ಣು ನೆಟ್ಟು ಅವಳು ಓಡಿಸಿದಳು. ಎದೆ ಎಡಕ್ಕೆ ಎಳೆಯಿತು. ಕಣ್ಣು ಕದಲಲಿಲ್ಲ. ಮಾವನ ಕೂಗು ಎದ್ದಿತು.

ಬಂಡೆ ಬಿರಿದಂತೆ ಸದ್ದು. ಒಂದೇ. ಅದರೊಳಗೆ ತನ್ನದು ಯಾವುದು, ಅವನದು ಯಾವುದು, ಅವಳಿಗೂ ಗೊತ್ತಾಗಲಿಲ್ಲ.

ಬೇಲಿಯಾಚೆ ಹೆಂಗಸರು ನಾಲಿಗೆ ಹೊರಳಿಸಿ ಉಲುಲು ಎಂದು ಹರ್ಷದ ಕೂಗು ಹಾಕಿದರು. ಬುಶ್ರಾ ಟೆಂಟಿನ ಕಡೆ ತಿರುಗಲಿಲ್ಲ. ಹೊಗೆಯೊಳಗೆ ಸಾಲಿನ ಉದ್ದಕ್ಕೂ, ಒಬ್ಬೊಬ್ಬರನ್ನೇ ದಾಟಿ, ಮಾವನನ್ನೂ ದಾಟಿ, ಆ ತುದಿಗೆ ಹೋಗಿ ನಿಂತಳು.

ಜಿಲಾಲಿಯ ಮುಖವೆಲ್ಲ ಮದ್ದಿನ ಮಸಿ. "ಇವತ್ತು ಎಲ್ಲಿ ನೋಡಿದೆ?"

"ಮುಂದಕ್ಕೆ."

"ಒಂದ್ಸಲಾನೂ ಈ ಕಡೆ ನೋಡಲಿಲ್ವಾ?"

"ಇಲ್ಲ. ಈಗ ನೋಡ್ತೀನಿ."

ಹಿಂದೆ ಹಾಜಿ ಮಕ್ಕಿ ಕೆಮ್ಮಿದರು. ಅವಳು ನೋಡುತ್ತಲೇ ಇದ್ದಳು.