ಕಣ್ಣು ಬರೆಯದ ತೋಳ

"ಈ ತೋಳಗಳಿಗೆ ಮುಖ ಯಾಕಿಲ್ಲ?"

ಬಾಗಿಲಲ್ಲಿ ನಿಂತ ಅಪರಿಚಿತನ ಪ್ರಶ್ನೆಗೆ ಚಿತ್ರಗಾರ್ತಿಯ ಕುಂಚ ಅಲ್ಲೇ ನಿಂತಿತು. ಗೋಡೆಯ ತುಂಬ ಅವಳು ಬರೆದ ತೋಳಗಳು. ಎಲ್ಲವೂ ನೋಡುವವರಿಗೆ ಬೆನ್ನು ಹಾಕಿ, ಮಂಜು ಕವಿದ ಬಯಲಿನ ಕಡೆ ಹೊರಟಿದ್ದವು.

"ಮುಖ ನಾನು ನೋಡಿಲ್ಲ. ದನಿ ಮಾತ್ರ ಕೇಳಿದ್ದೀನಿ. ನೋಡದೇ ಇರೋ ಕಣ್ಣನ್ನ ನಾನು ಬರೆಯಲ್ಲ."

ಅವನು ನಗಲಿಲ್ಲ. ಜೇನಿನ ಬಣ್ಣದ, ನಿದ್ದೆಗೆಟ್ಟ ಕಣ್ಣುಗಳಿಂದ ಅವಳನ್ನೇ ನೋಡಿದ.

ಅವನು ಕಾಡುಪ್ರಾಣಿಗಳ ಗಣತಿ ಮಾಡುವವನು.

"ಸಂಜೆ ಹೊತ್ತು ನಾವೇ ತೋಳದ ಹಾಗೆ ಊಳಿಡ್ತೀವಿ. ತೋಳ ಇದ್ದರೆ ಓಗೊಡುತ್ತೆ, ಆ ದನಿ ರೆಕಾರ್ಡ್ ಮಾಡ್ಕೋತೀವಿ. ಈ ಬಯಲಲ್ಲಿ ಉಳಿದಿರೋದು ಒಂದೇ ಒಂದು ಹೆಣ್ಣುತೋಳ. ನಿಮ್ಮ ಮನೆ ದಿಕ್ಕಿನಿಂದಲೇ ಓಗೊಡ್ತಾಳೆ..." ಅವನ ದನಿ ಮೆತ್ತಗಾಯಿತು. "ಹುಚ್ಚು ಅಂದ್ಕೋಬೇಡಿ. ಅವಳ ಜೊತೆ ಮಾತಾಡದೆ ನನಗೆ ಸಂಜೆ ಕಳೆಯಲ್ಲ."

ಅಡುಗೆಮನೆಯಲ್ಲಿದ್ದ ಅವಳ ಚಿಕ್ಕಮ್ಮನ ಕೈಯಿಂದ ತಟ್ಟೆ ಜಾರಿ ಬಿತ್ತು.

ಆ ಕೂಗಿಗೆ ಕಿಟಕಿ ತೆರೆದು ಓಗೊಡುತ್ತಿದ್ದವಳು ಚಿತ್ರಗಾರ್ತಿಯೇ! "ಊಳಿಡೋ ಹುಡುಗೀನ ಯಾರಮ್ಮ ಮದುವೆ ಆಗ್ತಾರೆ?" ಎಂದು ಚಿಕ್ಕಮ್ಮ ಬೈದರೂ ಬಿಟ್ಟಿರಲಿಲ್ಲ. ಬಯಲಲ್ಲಿ ತನ್ನಷ್ಟೇ ಒಂಟಿಯಾದ ಜೀವವೊಂದಿದೆ ಎಂಬ ನಂಬಿಕೆಯಿಂದಲೇ ಈ ಚಿತ್ರಗಳೆಲ್ಲ ಹುಟ್ಟಿದ್ದು.

ಹಾಗಾದರೆ ಇಷ್ಟು ದಿನ ನಾನು ಬರೆದದ್ದು... ಇವನನ್ನೇ?

"ಗಣತಿಗೆ ಇವತ್ತೇ ಕೊನೆ ದಿನ," ಎಂದ ಅವನು. "ಹಳೇ ರೆಕಾರ್ಡಿಂಗ್ ಮೇಲಿನವರು ಒಪ್ಪಲ್ಲ, ಇವತ್ತಿನದೇ ಬೇಕಂತೆ. ಅವಳು ಓಗೊಟ್ಟರೆ ಬಯಲು ಉಳಿಯುತ್ತೆ. ಇಲ್ಲದಿದ್ರೆ ಕಲ್ಲು ಗಣಿಯವರ ಪಾಲು. ಸಂಜೆ ಈ ಕಡೆ ಸದ್ದಾಗದ ಹಾಗೆ ನೋಡ್ಕೊಳ್ಳಿ, ಅಷ್ಟು ಕೇಳೋಕೆ ಬಂದೆ."

ಅವಳು ತಲೆಯಾಡಿಸಿದ ಮೇಲೆ ಅವನು ಬಯಲಿನ ಕಡೆ ಹೊರಟ.

ಹೊತ್ತು ಮುಳುಗುವಾಗ ಮಂಜು ಕಿಟಕಿಯವರೆಗೂ ಬಂತು. ಬಯಲಿನಿಂದ ಅವನ ಕೂಗು ಕೇಳಿತು. ಗೋಡೆಯ ಮೇಲಿನ ತೋಳಗಳೂ ಕಿವಿ ನಿಮಿರಿಸಿದಂತೆ ಅವಳಿಗೆ ಕಂಡವು.

ಒಂದೇ ಒಂದು ಸಲ ಓಗೊಟ್ಟರೆ ಬಯಲು ಉಳಿಯುತ್ತದೆ... ಆದರೆ ಅವನ ಕೈಗೆ ನಾನು ಕೊಡುವುದು ಸುಳ್ಳು.

ಬಣ್ಣ ಮೆತ್ತಿದ ಅಂಗೈಯನ್ನು ಬಾಯಿಗೆ ಒತ್ತಿ ಹಿಡಿದಳು. ಅವನು ಮತ್ತೆ ಕೂಗಿದ. ಆಮೇಲೆ ಬಯಲು ಸುಮ್ಮನಾಯಿತು.

ಸ್ವಲ್ಪ ಹೊತ್ತಿಗೆ ಅವನು ಬಂದ. ಕಣ್ಣು ಕೆಂಪಾಗಿತ್ತು.

"ಅವಳಿಲ್ಲ. ಸತ್ತಿರಬೇಕು."

"ಸತ್ತಿಲ್ಲ," ಎಂದಳು. ಕಣ್ಣೀರು ತಡೆಯಲಾಗಲಿಲ್ಲ. "ಅದು... ನಾನು."

ಅವನ ಮುಖ ಕಪ್ಪಿಟ್ಟಿತು. "ಇಷ್ಟು ದಿನ ನನ್ನನ್ನ ಕುಣಿಸಿದ್ರಾ?"

"ನೀವು ಮನುಷ್ಯರು ಅಂತ ನನಗೇನು ಗೊತ್ತಿತ್ತು? ತೋಳ ಅಂದ್ಕೊಂಡೇ ನಿಮ್ಮನ್ನ ಪ್ರೀತಿಸಿಬಿಟ್ಟೆ." ಬಾಯಿ ತಪ್ಪಿ ಬಂದ ಮಾತಿಗೆ ಅವಳೇ ಬೆಚ್ಚಿದಳು. ಅವನು ಹೊರಡಲು ತಿರುಗಿದ. ಅವಳು ಗಾಬರಿಯಿಂದ ಮುಂದುವರಿಸಿದಳು. "ಹೋದ ವಾರವಂತೂ ದಿನಾ ಈ ಕಿಟಕಿ ಕೆಳಗೇ ಕೂಗಿದ್ರಿ. ಬಗ್ಗಿ ನೋಡಿದ್ರೆ ಆಗಲೇ ಗೊತ್ತಾಗೋದು. ಹೆದರಿಕೆ ಆಯ್ತು, ನೋಡಲಿಲ್ಲ."

ಅವನ ಹೆಜ್ಜೆ ನಿಂತಿತು.

"ಹೋದ ವಾರ ನಾನು ಜ್ವರ ಬಂದು ಆಸ್ಪತ್ರೇಲಿ ಮಲಗಿದ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಆಗ ಕಿಟಕಿಯ ಕೆಳಗಿನಿಂದಲೇ ಆ ಕೂಗು ಎದ್ದಿತು... ನಿಧಾನವಾಗಿ, ಉದ್ದಕ್ಕೆ.

"ನಾನಲ್ಲ," ಎಂದು ಅವಳು ಪಿಸುಗುಟ್ಟಿದಳು.

"ನಾನೂ ಅಲ್ಲ." ಅವನ ಕೈ ಅವಳ ಕೈಯನ್ನು ಹುಡುಕಿ ಹಿಡಿಯಿತು.

"ನಾನಂತೂ ಅಲ್ಲಪ್ಪ," ಎಂದು ಅಡುಗೆಮನೆಯಿಂದ ಚಿಕ್ಕಮ್ಮನ ನಡುಗುವ ದನಿ ಬಂತು.

ಇಬ್ಬರೂ ಬಗ್ಗಿ ನೋಡಿದರು. ಮಂಜಿನಲ್ಲಿ ತೋಳವೊಂದು ಮುಖವೆತ್ತಿ ನಿಂತಿತ್ತು. ಅವಳನ್ನು ನೋಡಿತು, ಅವನನ್ನು ನೋಡಿತು, ಇಬ್ಬರನ್ನೂ ಎಣಿಸಿಕೊಂಡಂತೆ. ಬಳಿಕ ಬೆನ್ನು ತಿರುಗಿಸಿ, ಅವಳ ಚಿತ್ರಗಳಲ್ಲಿರುವ ಹಾಗೆಯೇ ಬಯಲಿನ ಕಡೆ ನಡೆಯಿತು.

ಅವನ ಹೆಗಲಲ್ಲಿದ್ದ ರೆಕಾರ್ಡರಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ದುಃಖದಲ್ಲಿ ಆರಿಸುವುದನ್ನೇ ಮರೆತಿದ್ದ.

"ಬಯಲು ಉಳೀತು..." ಎಂದ. ಆಮೇಲೆ ಮೆಲ್ಲಗೆ ನಕ್ಕ. "ನೀವು ಪ್ರೀತಿಸಿಬಿಟ್ಟೆ ಅಂದಿದ್ದೂ ಇದರಲ್ಲಿದೆ."

"ಅಯ್ಯೋ, ಅದನ್ನ ಅಳಿಸಿಬಿಡಿ."

"ಹೇಗೆ ಅಳಿಸ್ಲಿ? ಆ ಮಾತಿಗೆ ನಾನಿನ್ನೂ ಓಗೊಟ್ಟೇ ಇಲ್ಲ."

ಅವಳು ತಲೆ ಎತ್ತಿ ಆ ಜೇನುಬಣ್ಣದ ಕಣ್ಣುಗಳನ್ನು ನೋಡಿದಳು. "ಹಾಗಾದ್ರೆ ಓಗೊಡಿ. ಈ ಸಲ ಮಾತ್ರ ಊಳಿಡಬೇಡಿ, ಮನುಷ್ಯರ ಹಾಗೆ ಹೇಳಿ."

"ನಾನೂ ಅಷ್ಟೇ," ಎಂದ ಅವನು. "ತೋಳ ಅಂದ್ಕೊಂಡೇ ಪ್ರೀತಿಸಿದ್ದೆ."