ಎ.ಸಿ.ಗೆ ಒಂದು ಮಗ್ ನೀರು

"ಅಕ್ಕಾ, ನೀರು ಯಾಕೆ ಕೆಳಗೆ ಸುರೀತಿದೀಯ?"

"ಶ್ಶ್! ಸುರೀತಿಲ್ಲ ಕಣೋ. ತೊಟ್ಟಿಕ್ಕಿಸ್ತಿದೀನಿ."

ಸಂಯುಕ್ತಾ ಬಾತ್‌ರೂಮಿನ ಮಗ್ಗನ್ನು ಬಾಲ್ಕನಿಯ ಸರಳುಗಳ ನಡುವೆ ಬಗ್ಗಿಸಿ ಹಿಡಿದಿದ್ದಳು. ಒಂದು ಹನಿ. ಸ್ವಲ್ಪ ತಡೆದು ಇನ್ನೊಂದು ಹನಿ. ಐದು ವರ್ಷದ ತಮ್ಮ ಅನೀಶ್ ಪಕ್ಕದಲ್ಲಿ ನಿಂತು, ಮೂಗಿನಲ್ಲಿ ಬೆರಳಿಟ್ಟುಕೊಂಡು ಎರಡು ಮಹಡಿ ಕೆಳಗೆ ನೋಡುತ್ತಿದ್ದ.

"ಗಿಡಕ್ಕಾ?"

"ಕೆಳಗೆ ಗಿಡ ಎಲ್ಲಿದೆ? ಸಿಮೆಂಟಿಗೆ."

"ಸಿಮೆಂಟು ಬೆಳೆಯುತ್ತಾ?"

ದೆಹಲಿಯ ದ್ವಾರಕಾದ ಆ ಹೌಸಿಂಗ್ ಸೊಸೈಟಿಯಲ್ಲಿ ಬೆಳೆಯುತ್ತಿದ್ದುದು ಸಿಮೆಂಟೊಂದೇ. ಗಿಡ ನೆಟ್ಟ ಜಾಗದಲ್ಲೆಲ್ಲ ಮಾರುತಿ ಕಾರು ಬೆಳೆದಿತ್ತು.

ಮೇ ತಿಂಗಳು ಬಂತೆಂದರೆ ಅಲ್ಲಿನ ಮನೆಗಳಲ್ಲಿ ಎರಡೇ ಜಾತಿ. ಕಿಟಕಿ ಮುಚ್ಚಿದವರು, ಕಿಟಕಿ ತೆರೆದವರು. ಮುಚ್ಚಿದವರ ಮನೆಯಲ್ಲಿ ಎ.ಸಿ. ತೆರೆದವರ ಮನೆಯಲ್ಲಿ ಕೂಲರ್. ಎ.ಸಿ. ನಡೆಯುತ್ತಿದ್ದರೆ ಅದರ ಹಿಂಬದಿಯಿಂದ ನೀರು ತೊಟ್ಟಿಕ್ಕುತ್ತದೆ. ಹಾಗಾಗಿ ಯಾರ ಕಿಟಕಿಯ ಕೆಳಗೆ ನೆಲ ಒದ್ದೆಯೋ ಅವರ ಮನೆಯವರ ತಲೆ ಮೇಲಕ್ಕೆ. ನೆಲ ಒಣಗಿದ್ದರೆ ಅವರ ಮುಖವೂ ಒಣ.

ಎಲ್ಲಕ್ಕಿಂತ ಒದ್ದೆ ನೆಲ ಸೊಸೈಟಿಯ ಸೆಕ್ರೆಟರಿ ದಕ್ಷಿಣಾಮೂರ್ತಿ ಅಂಕಲ್‌ದು. ಅವರ ಮನೆ ಮೆಟ್ಟಿಲ ಬಾಗಿಲಿನ ಮೇಲೇ, ಮೊದಲ ಮಹಡಿಯಲ್ಲಿ. ಎದುರಿಗೆ ಸಿಕ್ಕವರಿಗೆಲ್ಲ ಅವರು ಹೇಳುತ್ತಿದ್ದುದು ಒಂದೇ. "ನಮ್ಮನೇಲಿ ಹದಿನೆಂಟು ಡಿಗ್ರಿ! ಮಧ್ಯಾಹ್ನ ಮಲಗೋಕೂ ರಜಾಯಿ ಬೇಕು ನೋಡಿ!"

ಸಂಯುಕ್ತಾಳ ಮನೆಯಲ್ಲೂ ಎ.ಸಿ. ಇತ್ತು. ಇದರಲ್ಲಿ ಸುಳ್ಳಿಲ್ಲ. ಬಾಡಿಗೆ ಮನೆಯ ಯಜಮಾನರದ್ದು, ಹಾಲಿನ ಕಿಟಕಿಯಲ್ಲೇ ಕೂತಿತ್ತು. ಅದು ಕೊನೆಯ ಸಲ ತಂಪು ಗಾಳಿ ಬಿಟ್ಟಾಗ ಅನೀಶ್ ಹುಟ್ಟಿರಲಿಲ್ಲ. ಈಗ ಅದರ ಬೆನ್ನಿನಲ್ಲಿ ಪಾರಿವಾಳ ಗೂಡು ಕಟ್ಟಿ, ಬಾಡಿಗೆ ಇಲ್ಲದೆ ಸಂಸಾರ ಮಾಡುತ್ತಿತ್ತು. ಮನೆಯವರಿಗೆ ಗಾಳಿ ಹಾಕುತ್ತಿದ್ದುದು ಒಂದು ನೀಲಿ ಕೂಲರ್.

"ನಮ್ಮನೇಲಿ ಎ.ಸಿ. ಇದೆ" ಎಂದು ಸಂಯುಕ್ತಾ ಸ್ಕೂಲ್ ವ್ಯಾನಿನಲ್ಲಿ ಹೇಳಿದ್ದಳು. ನಡೆಯುತ್ತದೆ ಎಂದು ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಹೇಳದೆ ಬೇರೆ ದಾರಿ ಇರಲಿಲ್ಲ. ಮನೆಯಲ್ಲಿ ಬರೀ ಫ್ಯಾನ್ ಇದೆ ಎಂದು ಒಪ್ಪಿಕೊಂಡ ಯೋಗೀಶನಿಗೆ ವ್ಯಾನಿನವರು 'ಪಂಖಾ' ಎಂದು ಹೆಸರಿಟ್ಟಿದ್ದರು. ವರ್ಷವಿಡೀ ಅದೇ. "ಏ ಪಂಖಾ, ಸರಿದು ಕೂತ್ಕೋ!" ಸಂಯುಕ್ತಾಳೂ ಹಾಗೇ ಕರೆಯುತ್ತಿದ್ದಳು, ಉಳಿದವರಿಗಿಂತ ಸ್ವಲ್ಪ ಜೋರಾಗಿಯೇ.

ಆದರೆ ಹರ್ಷಿಣಿ ಹೀಗೆ ಮಾಡುತ್ತಾಳೆಂದು ಯಾರಿಗೆ ಗೊತ್ತಿತ್ತು? ಹರ್ಷಿಣಿ ಎದುರಿನ ಬ್ಲಾಕಿನವಳು, ಅದೇ ಕ್ಲಾಸು. ಹುಟ್ಟಿದ್ದೇ ದೆಹಲಿಯಲ್ಲಿ. ಅವಳ ಕನ್ನಡದಲ್ಲಿ ಹಿಂದಿ, ಮೊಸರನ್ನದೊಳಗಿನ ದಾಳಿಂಬೆಯ ಹಾಗೆ ಅಲ್ಲಲ್ಲಿ ಸಿಗುತ್ತಿತ್ತು.

"ಅರೇ ವಾಹ್! ಹಾಗಾದ್ರೆ ಶನಿವಾರ ಚಾರ್ಟ್ ನಿಮ್ಮನೇಲೇ ಮಾಡೋಣ, ಚಲೋ!"

ಟೀಚರ್ ಕೊಟ್ಟಿದ್ದ ವಿಷಯ: ವಿದ್ಯುತ್ ಉಳಿಸಿ.

ಶನಿವಾರ ಮೂರು ಗಂಟೆಯ ಹೊತ್ತಿಗೆ ಸಂಯುಕ್ತಾ ಕೂಲರನ್ನು ಹಾಲಿನ ಮೂಲೆಗೆ ತಳ್ಳಿ, ಮುಂದೆ ಹಳೆಯ ಪರದೆ ಇಳಿಬಿಟ್ಟಿದ್ದಳು. ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿದ್ದಳು. ಅಮ್ಮ ವೈಜಯಂತಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಕೂಲರ್ ಹಾಕಿ ಕಿಟಕಿ ಮುಚ್ಚಿದೀಯಲ್ಲೇ, ಹೋದ ವರ್ಷದ ಕತೆ ಮರೆತ್ಯಾ?"

ಹೇಗೆ ಮರೆಯುವುದು? ಆಗ ಹಾಸನದಿಂದ ಹೊಸದಾಗಿ ಬಂದಿದ್ದರು. ಅಪ್ಪ ಚಂದ್ರಕಾಂತ ಮೊದಲ ಸಲ ಕೂಲರ್ ತಂದವರೇ "ತಂಪು ಒಂದು ಚೂರೂ ಹೊರಗೆ ಹೋಗಬಾರದು" ಎಂದು ಎಲ್ಲ ಕಿಟಕಿ ಜಡಿದು, ಬಾಗಿಲ ಸಂದಿಗೆ ಬಟ್ಟೆ ತುರುಕಿದ್ದರು. ಎರಡೇ ಗಂಟೆಯಲ್ಲಿ ಮನೆ ಇಡ್ಲಿ ಪಾತ್ರೆಯಾಯಿತು. ಡಬ್ಬಿಯಲ್ಲಿದ್ದ ಉಪ್ಪು ನೀರೊಡೆಯಿತು. ಕರಿದ ಹಪ್ಪಳ ಕರ್ಚೀಫಿನಂತೆ ಮಡಚಿಕೊಂಡಿತು. ಅಪ್ಪನ ಕನ್ನಡಕ ಮಂಜಾಗಿ, ಅಪ್ಪ ಗೋಡೆಗೆ ಡಿಕ್ಕಿ ಹೊಡೆದರು. ಕೊನೆಗೆ ಪಕ್ಕದ ಮನೆಯ ಆಂಟಿ ಬಂದು, ಬಿದ್ದು ಬಿದ್ದು ನಕ್ಕು, ಕಿಟಕಿ ತೆಗೆದರು. "ಅರೇ ಜೀ, ಕೂಲರ್ ಬಿಟ್ಟ ಗಾಳಿ ಹೊರಗೆ ಹೋಗಬೇಕು. ಇಲ್ದಿದ್ರೆ ಮನೆಯೆಲ್ಲ ಹಬೆ!"

"ಅಮ್ಮಾ, ಇವತ್ತೊಂದಿನ ಪ್ಲೀಸ್. ಎ.ಸಿ. ಮನೇಲಿ ಕಿಟಕಿ ತೆಗೆದಿದ್ರೆ ಗೊತ್ತಾಗಿಬಿಡುತ್ತೆ."

"ಅದಕ್ಕೆ ಬೇಯ್ತೀಯಾ? ಬೇಯಿ. ನಾನಂತೂ ಒಳಗಿನ ರೂಮಲ್ಲಿ ಕಿಟಕಿ ತೆಕ್ಕೊಂಡು ಮಲಗ್ತೀನಿ. ಬೆಂದ ಮೇಲೆ ಕರಿ, ಚಟ್ನಿ ಮಾಡ್ಕೊಡ್ತೀನಿ."

ಕಾಲಿಂಗ್ ಬೆಲ್ ಆಯಿತು. ಸಂಯುಕ್ತಾ ಮಗ್ಗನ್ನು ಅನೀಶನ ಕೈಗೆ ತುರುಕಿ ಬಾಲ್ಕನಿಗೆ ದೂಡಿದಳು. "ಇನ್ಮೇಲೆ ಹನಿ ಡ್ಯೂಟಿ ನಿಂದು. ನಿಧಾನಕ್ಕೆ ಹಾಕು."

"ಅಕ್ಕಾ, ನೀರು ಸುಡುತ್ತೆ!"

ಸುಡದೆ ಏನು? ಮೇ ತಿಂಗಳಲ್ಲಿ ಆ ಸೊಸೈಟಿಯ ಪ್ರತಿ ನಲ್ಲಿಯೂ ಗೀಸರ್. ಮಾಳಿಗೆಯ ಟ್ಯಾಂಕಿನಿಂದ ಬರುವ ನೀರಿಗೆ ಪುಡಿ ಹಾಕಿದರೆ ಚಹಾ.

ಹರ್ಷಿಣಿ ಚಾರ್ಟನ್ನು ಸುರುಳಿ ಸುತ್ತಿ ಹಿಡಿದು ಒಳಗೆ ಬಂದಳು. ಕಿಟಕಿಯಲ್ಲಿದ್ದ ಎ.ಸಿ.ಯನ್ನು ಕಂಡು ಎರಡೂ ಕೈ ಮೇಲೆತ್ತಿದಳು. ದೇವರಿಗೂ ಅಷ್ಟು ಭಕ್ತಿಯಿಂದ ಯಾರೂ ಕೈ ಎತ್ತುವುದಿಲ್ಲ.

ದೇವರು ಮಾತಾಡಿತು. ಗುಟುರ್... ಗುಟುರ್...

"ಇದೇನು ಆವಾಜ್?"

"ಕಂಪ್ರೆಸರ್."

"ನಮ್ಮದು ಹೀಗೆ ಮಾಡಲ್ಲ."

"ಇದು ಬೇರೆ ಮಾಡೆಲ್."

ಇಬ್ಬರೂ ನೆಲದ ಮೇಲೆ ಚಾರ್ಟ್ ಹಾಸಿದರು. ಹರ್ಷಿಣಿಯ ಅಕ್ಷರ ಮುತ್ತಿನಂತಿತ್ತು, ಟೀಚರ್ ಅದಕ್ಕೇ ಯಾವಾಗಲೂ ಸ್ಟಾರ್ ಕೊಡುತ್ತಿದ್ದರು. ಅವಳು ಕೆಂಪು ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆಯತೊಡಗಿದಳು. ಸಂಯುಕ್ತಾ ಹಳದಿಯಲ್ಲಿ ಬಲ್ಬ್ ಬಿಡಿಸಿದಳು.

ಹತ್ತು ನಿಮಿಷಕ್ಕೆ ಚಾರ್ಟಿನ ಮೂಲೆಗಳು ಮೆತ್ತಗಾದವು. ಹದಿನೈದು ನಿಮಿಷಕ್ಕೆ ಹರ್ಷಿಣಿಯ ಕೂದಲು ಹಣೆಗೆ ಅಂಟಿತು. ಇಪ್ಪತ್ತು ನಿಮಿಷಕ್ಕೆ ಅಕ್ಷರಗಳೆಲ್ಲ ಹಬ್ಬಿ ಒಂದರ ಹೆಗಲ ಮೇಲೆ ಒಂದು ಕೈ ಹಾಕಿಕೊಂಡವು. ಬಲ್ಬ್ ಆಮ್ಲೆಟ್ ಆಯಿತು.

"ನಿಮ್ಮ ಎ.ಸಿ. ಗರ್ಮಿ ಮೇಲೆ ಇಟ್ಟಿದೀರಾ?"

"ಶುರುನಲ್ಲಿ ಹೀಗೇ. ಆಮೇಲೆ ತಂಪಾಗುತ್ತೆ."

"ಅಚ್ಛಾ" ಎಂದಳು ಹರ್ಷಿಣಿ. ಅವಳ ಮೂಗಿನ ತುದಿಯಿಂದ ಒಂದು ಹನಿ ಚಾರ್ಟಿನ ಮೇಲೆ ಬಿತ್ತು.

ಸಂಯುಕ್ತಾ ಅದನ್ನು ಬೆರಳಿನಿಂದ ಒರೆಸಿದಳು. "ಬೇಕಾದ್ರೆ ನಿಮ್ಮನೆಗೆ ಹೋಗಿ ಮಾಡೋಣ್ವಾ?"

"ಬೇಡ ಬೇಡ!" ಹರ್ಷಿಣಿ ಗಾಬರಿಯಿಂದ ತಲೆಯಾಡಿಸಿದಳು. "ಇಲ್ಲೇ ಮಸ್ತ್ ಇದೆ."

ಬೆವರು ಸುರಿಸುತ್ತಾ ಮಸ್ತ್ ಎನ್ನುತ್ತಾಳಲ್ಲ! ಗೇಲಿ ಮಾಡುತ್ತಿದ್ದಾಳೆ. ಸೋಮವಾರ ವ್ಯಾನಿನಲ್ಲಿ ತನಗೇನು ಹೆಸರು ಬೀಳಬಹುದೆಂದು ಸಂಯುಕ್ತಾ ಯೋಚಿಸಿದಳು. ಅಷ್ಟರಲ್ಲಿ ಬಾಲ್ಕನಿಯ ಬಾಗಿಲು ದಢಾರೆಂದು ತೆರೆಯಿತು.

"ಅಕ್ಕಾ! ಮೊಟ್ಟೆ ಒಡೆದು ಮರಿ ಬಂತು! ಎ.ಸಿ. ಒಳಗೆ! ಎರಡು!"

ಅನೀಶ್ ಖಾಲಿ ಮಗ್ಗನ್ನು ತಲೆಕೆಳಗು ಮಾಡಿ ತೋರಿಸಿದ. "ಹನಿ ಖಾಲಿ. ಇನ್ನೂ ಎ.ಸಿ. ಸೋರೋ ಹಾಗೆ ಮಾಡ್ಬೇಕಾ, ಸಾಕಾ?"

ಪರದೆಯ ಹಿಂದೆ ಕೂಲರ್ ಗೊರ ಗೊರ ಎನ್ನುತ್ತಿತ್ತು. ಸಂಯುಕ್ತಾ ಆಮ್ಲೆಟ್ ಬಲ್ಬನ್ನೇ ನೋಡುತ್ತಾ ಕೂತಳು. ತಲೆ ಎತ್ತಿದರೆ ಅಳು ಬರುತ್ತಿತ್ತು.

ಹರ್ಷಿಣಿ ಮಗ್ ನೋಡಿದಳು. ಎ.ಸಿ. ನೋಡಿದಳು. ಮತ್ತೆ ಮಗ್ ನೋಡಿದಳು.

"ನೀನೂನಾ?" ಎಂದವಳೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮಾತು ಆಗಲೇ ಹೊರಗೆ ಬಿದ್ದಿತ್ತು.

"ನೀನೂನಾ ಅಂದ್ರೆ?" ಸಂಯುಕ್ತಾ ಕೇಳಿದಳು. "ನಿಮ್ಮದು ಹೊಸ ಎ.ಸಿ. ಅಲ್ವಾ?"

"ಹೊಸದೇ. ಮಮ್ಮಿ ಅದಕ್ಕೆ ಫ್ರಿಲ್ ಇಟ್ಟು ಕವರ್ ಕೂಡ ಹೊಲಿದಿದಾರೆ. ಪಪ್ಪಾ ರಿಮೋಟನ್ನ ಅಲ್ಮಾರಿಯಲ್ಲಿ ಲಾಕ್ ಮಾಡಿಟ್ಟಿದಾರೆ. ಗೆಸ್ಟ್ ಬಂದ್ರೆ ಮಾತ್ರ ತೆಗೀತಾರೆ."

"ನಾನು ಬಂದಿದ್ರೆ ನಾನು ಗೆಸ್ಟ್ ಅಲ್ವಾ?"

"ಮಕ್ಕಳು ಗೆಸ್ಟ್ ಅಲ್ವಂತೆ. ಬೂಟು ಹಾಕ್ಕೊಂಡು ಬರೋರು ಮಾತ್ರ ಗೆಸ್ಟ್." ಹರ್ಷಿಣಿ ಫ್ರಾಕಿನ ಅಂಚಿನಿಂದ ಮುಖ ಒರೆಸಿಕೊಂಡಳು. "ಅದಕ್ಕೇ ನಿಮ್ಮನೆಗೆ ಬಂದೆ. ಒಂದಿನ ಥಂಡಾ ಕೂರಬಹುದು ಅಂತ."

ಸಂಯುಕ್ತಾ ಎದ್ದು ಕಿಟಕಿಗಳನ್ನು ಒಂದೊಂದಾಗಿ ತೆಗೆದಳು. ಹರ್ಷಿಣಿ ಪರದೆ ಎಳೆದಳು. ಕೂಲರಿನ ಒದ್ದೆ ಹುಲ್ಲಿನ ವಾಸನೆಯ ಗಾಳಿ ಒಮ್ಮೆಗೇ ಹಾಲಿಗೆ ನುಗ್ಗಿ, ಕಿಟಕಿಯಿಂದ ಹೊರಗೆ ಹೋಯಿತು. ಮೂವರೂ ಕೂಲರಿನ ಮುಂದೆ ಸಾಲಾಗಿ ಕೂತು ಅದರ ಮುಖಕ್ಕೆ ಮುಖ ಕೊಟ್ಟು "ಆ ಆ ಆ ಆ" ಎಂದರು. ಕೂಲರ್ ಮೂವರ ದನಿಯನ್ನೂ ಚೂರು ಚೂರು ಮಾಡಿ ವಾಪಸು ಕೊಟ್ಟಿತು.

"ಆದ್ರೆ ನೀನು ಹಾಕೋದು ತಪ್ಪು ಯಾರ್" ಎಂದಳು ಹರ್ಷಿಣಿ, ದೊಡ್ಡ ಎಂಜಿನಿಯರಿನ ಗತ್ತಿನಲ್ಲಿ. "ಟ್ಯಾಂಕ್ ನೀರು ಹಾಕ್ತಾರಾ? ನಾನು ಫ್ರಿಜ್ ನೀರು ಹಾಕ್ತೀನಿ. ಅಸಲಿ ಎ.ಸಿ. ನೀರು ಥಂಡಾ ಇರುತ್ತೆ. ಬಿಸಿ ಹನಿ ಯಾರ ತಲೆ ಮೇಲಾದ್ರೂ ಬಿದ್ರೆ ಪೋಲ್ ಖುಲ್ ಜಾಯೇಗಿ, ಸಿಕ್ಕಿಬೀಳ್ತೀಯ!"

ಒಣಗಿದ ಚಾರ್ಟಿನ ಹಿಂಬದಿಯಲ್ಲಿ ಎಲ್ಲವನ್ನೂ ಮತ್ತೆ ಬರೆದರು. ಈ ಸಲ ಬಲ್ಬ್ ಬಲ್ಬಾಗಿಯೇ ಉಳಿಯಿತು.

ಸಂಜೆ ಸಂಯುಕ್ತಾ ಗೆಳತಿಯನ್ನು ಬಿಡಲು ಕೆಳಗಿಳಿದಳು. ಮೆಟ್ಟಿಲ ಬಾಗಿಲು ದಾಟುವಾಗ ಹರ್ಷಿಣಿಯ ತಲೆಯ ಮೇಲೆ ಟಪ್ ಎಂದಿತು. ಇನ್ನೊಂದು ಹನಿ ಸಂಯುಕ್ತಾಳ ಅಂಗೈ ಮೇಲೆ.

ಇಬ್ಬರೂ ಮೇಲೆ ನೋಡಿದರು. ದಕ್ಷಿಣಾಮೂರ್ತಿ ಅಂಕಲ್ ಮನೆಯ ಕಿಟಕಿ. ಗಟ್ಟಿಯಾಗಿ ಮುಚ್ಚಿತ್ತು. ಒಳಗೆ ಹದಿನೆಂಟು ಡಿಗ್ರಿ.

ಸಂಯುಕ್ತಾ ಅಂಗೈ ನೋಡಿಕೊಂಡಳು.

ಹನಿ ಬೆಚ್ಚಗಿತ್ತು.

ಹರ್ಷಿಣಿಯ ಕಣ್ಣು ಲಾಡುವಿನಷ್ಟಾಯಿತು. "ಸೋಮವಾರ ವ್ಯಾನಲ್ಲಿ ಎಲ್ಲರಿಗೂ ಹೇಳೋಣ್ವಾ?"

ಸಂಯುಕ್ತಾ ಮುಚ್ಚಿದ ಆ ಕಿಟಕಿಯನ್ನು ಇನ್ನೊಮ್ಮೆ ನೋಡಿದಳು. ಒಳಗೆ ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಬೇಡ" ಎಂದಳು. "ನಮ್ಮದು ಕೂಲರ್ ಅಂತ ಹೇಳ್ತೀನಿ."

"ಪಾಗಲ್! ನಿನ್ನ ಕಬೂತರ್, ಪಾರಿವಾಳ ಅಂತ ಕರೀತಾರೆ. ಪಕ್ಕದಲ್ಲಿ ಯಾರೂ ಕೂರಲ್ಲ."

"ಯೋಗೀಶನ ಪಕ್ಕ ಸೀಟ್ ಖಾಲಿ ಇರುತ್ತೆ."

ಹರ್ಷಿಣಿ ತಲೆಯ ಮೇಲಿನ ಹನಿ ಒರೆಸಿಕೊಂಡಳು. ಆಮೇಲೆ "ಮೂರು ಜನ ಹಿಡಿಸ್ತೀವಿ, ಅಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತನ್ನ ಬ್ಲಾಕಿನ ಕಡೆಗೆ ಓಡಿದಳು.

ಸಂಯುಕ್ತಾ ಮೇಲೆ ಬಂದು ಮಗ್ಗಿಗೆ ಮಡಕೆಯ ನೀರು ತುಂಬಿಸಿದಳು. ಅನೀಶ್ ಓಡಿಬಂದ.

"ಮತ್ತೆ ಹನಿ ಡ್ಯೂಟಿನಾ?"

"ಇಲ್ಲ. ಒಂದು ಬಟ್ಟಲು ತಗೊಂಡ್ಬಾ" ಎಂದಳು ಸಂಯುಕ್ತಾ. "ಕಂಪ್ರೆಸರ್‌ಗೆ ಬಾಯಾರಿದೆ."